ಎರಡೇ ಚೌಕ

ಫಾರಮ್ಮಿನ ಏಳನೇ ಪ್ರಶ್ನೆ:
ಮನೆಯಲ್ಲಿ ಇನ್ನೆಷ್ಟು ದಿನದ ಊಟವಿದೆ?
ಉತ್ತರಕ್ಕೆ ಎರಡೇ ಚೌಕ.

ಜೆನೆಬೆಚ್ ತಲೆಯೆತ್ತಲಿಲ್ಲ.
ಹಲಗೆಗೆ ಎನ್ಸೆಟ್ ದಿಂಡು ಒರಗಿಸಿ, ಒಂಟಿ ಕಾಲಲ್ಲಿ ಅದುಮಿ
ಬಿದಿರಿನಿಂದ ಹೆರೆಯುತ್ತಿದ್ದಳು.
ಬಾಳೆಯ ದಾಯಾದಿ ಇದು. ಹಣ್ಣಿಗಲ್ಲ,
ತಿನ್ನುವುದು ಮೈಯನ್ನೇ.

ಅವಳ ಹೆಸರಿಗೆ 'ಮಳೆಯಾದಳು' ಎಂದರ್ಥ.
ಗುರಾಗೆ ಗುಡ್ಡಗಳಲ್ಲಿ ಮಳೆಯೇ ಎರಡು ವರ್ಷದಿಂದ ಲೆಕ್ಕ ತಪ್ಪಿದೆ;
ಸುಟ್ಟ ಜೋಳ ದಾರಿಯುದ್ದಕ್ಕೂ ನೋಡಿಬಂದಿದ್ದೆ.
ಆಡಿಸ್‌ನ ನಮ್ಮ ಆಫೀಸಿನ ಗೋಡೆಯ ಮೇಲೆ
ಎರಡು ಸಾವಿರದ ಐವತ್ತನೇ ಇಸವಿಗೆ
ಕೆಂಪು ಗೆರೆಯೊಂದು ಜಾರುತ್ತಿರುತ್ತದೆ.

"ಆ ಹಗೇವು ಈ ವರ್ಷದ್ದು.
ಬೇಲಿ ಬದಿಯದು ಮಗಳ ಮದುವೆಯ ವರ್ಷ ಮುಚ್ಚಿದ್ದು,
ಇನ್ನೂ ತೆರೆದಿಲ್ಲ. ಹುಳಿ ಬಂದಷ್ಟೂ ರುಚಿ.
ಅಗೋ ಆ ಮರಿಗಳು,
ಒಂದೇ ಗಡ್ಡೆಯ ಎದೆ ಕೊರೆದು ಹೂತಿದ್ದೆ,
ಸುತ್ತ ಐವತ್ತು ಎದ್ದವು.
ಬೆಳೆಯಲು ಆರು ವರ್ಷ.
ಉಣ್ಣುವವರು ಇನ್ನೂ ಹುಟ್ಟಿಲ್ಲ."

ಹಾಗಾದರೆ ಎಷ್ಟು ಅಂತ ಬರೆಯಲಿ?

"ಮೊದಲು ಈ ತುದಿ ಹಿಡಿ."
ಹಿಡಿದೆ. ಜಾರಿತು. ನಕ್ಕಳು.
ಎಲೆಯಲ್ಲಿ ಸುತ್ತಿ ಸುಟ್ಟ ರೊಟ್ಟಿ ಮುರಿದು ಕೊಟ್ಟಳು.

ತೊಂಬತ್ತೊಂಬತ್ತು ಎಂದು ಬರೆದು ಬಸ್ಸು ಹತ್ತಿದೆ.
ಪಕ್ಕದವನು ಮೂಗು ಮುಚ್ಚಿ ಕಿಟಕಿ ತೆರೆದ,
ನನ್ನ ಅಂಗಿಗೆ ಹತ್ತಿದ್ದ
ಹುಳಿ ವಾಸನೆಗೆ.