ಮೂಗಿನ ಲೆಕ್ಕ

ಕಲಬುರಗಿಯ ಗಂಜಿನ ಹಿಂದಿನ ಓಣಿ, ದಾಲ್ ಮಿಲ್ಲಿನ ಮೇಲಂತಸ್ತು.
ನನ್ನ ಯಂತ್ರ ಕೂತಿದೆ. ಎಸಿ ಅದಕ್ಕೆ, ನನಗಲ್ಲ.
ಸೀಸೆಯಲ್ಲಿ ಹಿಡಿ ತೊಗರಿ, ಮೇಲೆ ರಬ್ಬರ್ ಮುಚ್ಚಳ.
ಅರ್ಧ ತಾಸು ಕಾಯಿಸಿದರೆ ಕಾಳು ಉಸಿರು ಬಿಡುತ್ತದೆ;
ಆ ಉಸಿರನ್ನು ಸೂಜಿಯಲ್ಲಿ ಎಳೆದು
ಕೂದಲೆಳೆಯಂಥ ಮೂವತ್ತು ಮೀಟರ್ ಕೊಳವೆಗೆ ಬಿಡುತ್ತೇನೆ.
ಹಗುರಾದದ್ದು ಮೊದಲು ಬರುತ್ತದೆ,
ಭಾರದ್ದು ಕೊನೆಯ ಬಸ್ಸು ಹಿಡಿದವರ ಹಾಗೆ.
ಕಾಗದದ ಮೇಲೆ ಗುಡ್ಡ, ಗುಡ್ಡದ ಹಿಂದೆ ಗುಡ್ಡ,
ನಮ್ಮ ಎರೆಸೀಮೆಯಲ್ಲಿ ಇಲ್ಲದಷ್ಟು ಗುಡ್ಡ.

ಕೆಳಗೆ, ಶಹಾಬಾದ್ ಪರಸಿಯ ಮೇಲೆ,
ಚೀಲದ ಬಾಯಿ ಬಿಚ್ಚಿ ಜಗದೇವಿ ಮುಖ ಇಡುತ್ತಿದ್ದಳು.
ಇಪ್ಪತ್ತೆಂಟು ವರ್ಷ. ಚೀಲಕ್ಕೆ ಒಂದೇ ಉಸಿರು.
"ಇದಕ್ಕ ಹಸಿರು ಬೂಸರ, ತಳದ ಮೂಲ್ಯಾಗ.
ಇದು ಬರೇ ಹಸಿ, ಬಿಸಲಿಗಿ ಹಾಕ್ರಿ, ಸರಿ ಆಗ್ತದ.
ಇದು ದನಕ್ಕೂ ಬ್ಯಾಡ."
ಮುಂಜಾನೆ ಅವಳು ಅಂದದ್ದನ್ನೇ
ಸಂಜೆ ನನ್ನ ಗುಡ್ಡಗಳು ಅನ್ನುತ್ತಿದ್ದವು, ಬಿಲ್ಲಿನ ಸಮೇತ.

ಅವಳಪ್ಪ ಚಿಂಚೋಳಿ ಕಡೆ ಹಗೇವು ತೆಗೆಯುವವನು.
ಬಾಯಿ ತೆರೆದೊಡನೆ ಯಾರೂ ಇಳಿಯಬಾರದು;
ಹಗ್ಗಕ್ಕೆ ಕಂದೀಲು ಕಟ್ಟಿ ಬಿಡಬೇಕು. ಆರಿದರೆ, ನಾಳೆ.
ಆರದಿದ್ದರೆ ಮೊದಲು ಮೂಗು ಇಳಿಯಬೇಕು, ಆಮೇಲೆ ಕಾಲು.
ನೆಲದೊಳಗೆ ಮೂರು ವರ್ಷ
ಜೋಳ ಯಾರ ಜೊತೆ ಮಲಗಿತ್ತೆಂದು
ವಾಸನೆ ಹೇಳುತ್ತದಂತೆ.

ಹೋದ ಮಾಘದಲ್ಲಿ ಜ್ವರ. ಎಂಟು ದಿನಕ್ಕೆ ಎದ್ದಳು.
ಚೀಲಕ್ಕೆ ಇಟ್ಟ ಮುಖ ಬಹಳ ಹೊತ್ತು ಎತ್ತಲಿಲ್ಲ.
ಯಾರಿಗೂ ಹೇಳಲಿಲ್ಲ. ಎರಡು ವಾರ
ಹಮಾಲ ಮಶಾಕನ ಹುಬ್ಬು ನೋಡಿ ಹೇಳಿದಳು,
ಅಂದಾಜಿನ ಮೇಲೆ, ಹೆಸರಿನ ಮೇಲೆ.
ಮೂರನೆಯ ವಾರ ಸೋಲಾಪುರದಿಂದ ಲಾರಿ ವಾಪಸು ಬಂತು.

ಅವತ್ತು ಮೊದಲ ಸಲ ಮೆಟ್ಟಿಲು ಹತ್ತಿದಳು.
ಚಪ್ಪಲಿ ಹೊರಗೆ. ಎಸಿಗೆ ಸೆರಗು ಹೊದ್ದಳು.
"ಹಗೇವಿನ ವಾಸನಿ ಇದ್ರಾಗ ಬರ್ತದೇನ್ರಿ?"
ತೋರಿಸಿದೆ: ಇಗೋ ಎಂಟನೇ ನಿಮಿಷ, ಈ ಎತ್ತರದ್ದು,
ಆಕ್ಟಿನಾಲ್ ಅಂತ, ಅಣಬೆಯ ಉಸಿರು.
ತೌಡು ಮೆತ್ತಿದ ಬೆರಳು ಗುಡ್ಡ ಹತ್ತಿತು, ಇಳಿಯಿತು,
ಇಳಿದಲ್ಲೇ ನಿಂತಿತು.

"ಇಲ್ಲಿ ಇನ್ನೊಂದ ಇರಬೇಕಲ್ಲ.
ಸಣ್ಣದು. ಹಳೀ ಕೌದಿ ಮಡಚಿಟ್ಟಾಂಗ, ಜರಾ ಹುಳಿ.
ಇದು ಬಂದ್ರ ಅದು ಬಂದೇ ಬರ್ತದ."

ಇರಲಿಲ್ಲ.
ಮತ್ತೆ ನೆನಪಾಯಿತು. ಸಣ್ಣದನ್ನೆಲ್ಲ
ಗದ್ದಲವೆಂದು ಅಳಿಸು ಅಂತ
ಯಂತ್ರಕ್ಕೆ ನಾನೇ ಹೇಳಿಟ್ಟಿದ್ದೆ.
ಗೆರೆ ಕೆಳಗಿಳಿಸಿದೆ. ಕಾಗದ ಮತ್ತೆ ಬಂತು, ಬೆಚ್ಚಗೆ.
ಬೆರಳು ನಿಂತಿದ್ದ ಕಡೆ ಒಂದು ಇರುವೆ ಹುತ್ತದಷ್ಟು.

ಅವಳು ಕಾಗದವನ್ನು ಮೂಗಿನ ಹತ್ತಿರ ಒಯ್ದಳು.
ಅಭ್ಯಾಸ.
"ದನಕ್ಕೂ ಬ್ಯಾಡ," ಅಂದಳು.

ವರದಿಯಲ್ಲಿ ಆ ಮಾತಿಗೆ ಕಾಲಂ ಇಲ್ಲ.
ಕೆಳಗೆ ಯಾರೋ ಕೂಗುತ್ತಿದ್ದರು, ಹದಿನಾರು ಚೀಲ ಬಂದಿವೆ,
ಬಾಯಿ ಬಿಚ್ಚಲೋ ಬ್ಯಾಡೋ ಅಂತ.