ಅರ್ಧ ಕುದುರೆ

ಕಸಿಲ್ದಾ ಮೊದಲು ದುಡ್ಡಿನ ಮಾತೆತ್ತುವುದಿಲ್ಲ.
ನೂಲುಂಡೆ ಬಿಚ್ಚುತ್ತಾಳೆ, ತುದಿಗೆ ಸೀಸದ ಗುಂಡು,
ಕೊಳವೆಬಾವಿಯ ಬಾಯಿಗೆ ಕಿವಿ ಕೊಡುತ್ತಾಳೆ.
ನಾನು ಟಾರ್ಚು ಹಿಡಿಯುವ ಶಿಷ್ಯ.
ಎರಡು ವರ್ಷವಾಯಿತು, ಇನ್ನೂ ಟಾರ್ಚೇ.

ನ್ಯೂ ಮೆಕ್ಸಿಕೋದ ಮೋರಾ ಕಣಿವೆ, ಅಕ್ಟೋಬರ್.
ಹಸಿ ಇಟ್ಟಿಗೆಯ ಗೋಡೆಗೆ ಕೆಂಪು ಮೆಣಸಿನಕಾಯಿಯ ಸರ.
ಅಂಗಳದಲ್ಲಿ ಅಡ್ಡ ಮಲಗಿದೆ ಸುಟ್ಟ ಪಂಪು,
ಒಂದೂವರೆ ಕುದುರೆಯದು,
ಐದು ವರ್ಷದಲ್ಲಿ ಮೂರನೆಯದು.
ಸತ್ತ ಎತ್ತಿನ ಪಕ್ಕ ನಿಂತವನ ಹಾಗೆ
ಟೋಪಿ ಕೈಲಿ ಹಿಡಿದು ನಿಂತಿದ್ದಾನೆ ದೆಲ್ಫೀನೋ.
"ಈ ಸಲ ಎರಡು ಕುದುರೆ ಹಾಕಿಬಿಡಿ."

"ನಲ್ಲಿ ಎಷ್ಟು?"
"ಹನ್ನೆರಡು."
"ಒಟ್ಟಿಗೆ ತೆರೆಯೋದು?"
"ಹನ್ನೆರಡೂ."
ಅಡುಗೆಮನೆಯ ಕಿಟಕಿಯಿಂದ ಎರ್ಮೆಲಿಂದಾಳ ದನಿ:
"ಇರೋದು ನಾಲ್ಕು ಜನ, ಎಂಟು ಕೈ.
ಅದರಲ್ಲೂ ಎರಡು ಯಾವಾಗಲೂ ಫೋನಿನ ಮೇಲೆ.
ಬೆಳಿಗ್ಗೆ ಏಳಕ್ಕೆ ಒಂದು ಸ್ನಾನ, ಒಂದು ಪಾತ್ರೆ,
ಆಡಿನ ತೊಟ್ಟಿಗೆ ಒಂದು ಕೊಳಾಯಿ. ಬರ್ಕೊಳ್ಳಮ್ಮಾ."
ಕಸಿಲ್ದಾ ಬರೆದುಕೊಂಡಳು, ಅಂಗೈ ಮೇಲೆ, ಪೆನ್ನಿನಲ್ಲಿ.

ನೂಲೆಳೆದು ಒದ್ದೆ ಗುರುತು ಹುಡುಕಿದೆವು.
ತೊಂಬತ್ತಡಿಗೆ ನೀರು. ಪಂಪು ತೂಗುವುದು ಇನ್ನೂರಕ್ಕೆ.
ನಡುವೆ ನಿಂತದ್ದು ಅಡಿಗೆ ಒಂದೂವರೆ ಗ್ಯಾಲನ್,
ಒಟ್ಟು ನೂರರವತ್ತು ಚಿಲ್ಲರೆ.
"ಇದು ಕೂಡಿಟ್ಟ ಗಂಟು," ಅಂದಳು, "ಸಂಬಳ ಎಷ್ಟು ನೋಡೋಣ."
ಪರೀಕ್ಷೆಯ ಪಂಪಿಳಿಸಿ ಬಾವಿಯನ್ನು ಬರಿದು ಮಾಡಿ
ಕಾಯುತ್ತ ಕೂತೆವು.

ಕಾಯುವುದೇ ಈ ಕಸುಬಿನ ಮುಕ್ಕಾಲು ಪಾಲು.
ಹತ್ತು ನಿಮಿಷಕ್ಕೊಮ್ಮೆ ನೂಲು ಇಳಿಯುತ್ತದೆ, ಏರುತ್ತದೆ.
ಇನ್ನೂರಡಿ ಕೆಳಗೆ, ಕಲ್ಲಿನ ಸೀಳಿನಲ್ಲಿ
ಯಾರದೂ ಅವಸರವಿಲ್ಲದ ಒಂದು ಸಣ್ಣ ಗುಳುಗುಳು.
ಆಡು ಬಂದು ನನ್ನ ಅಂಗಿಯ ಅಂಚು ತಿಂದಿತು.
ಇಪ್ಪತ್ತೇಳು ಅಡಿ. ಮತ್ತೆ ಇಪ್ಪತ್ತಾರೂವರೆ.
ಲೆಕ್ಕ ಹಾಕಿದರೆ ನಿಮಿಷಕ್ಕೆ ನಾಲ್ಕು ಗ್ಯಾಲನ್.

"ನಿನ್ನ ಕುದುರೆ ಹನ್ನೆರಡು ಎಳೆಯೋದು,
ಒರತೆ ಕೊಡೋದು ನಾಲ್ಕು.
ಇಪ್ಪತ್ತೇ ನಿಮಿಷ. ಆಮೇಲೆ ಬರೀ ಗಾಳಿ ಕುಡಿದು ಸಾಯೋದು.
ಎರಡು ಕುದುರೆ ಕಟ್ಟಿದರೆ
ಇನ್ನೂ ಬೇಗ ಸಾಯತ್ತೆ, ಅಷ್ಟೆ."

ದೆಲ್ಫೀನೋ ನೆಲ ನೋಡಿದ. ಆಮೇಲೆ, ಯಾರೂ ಕೇಳದೆ:
ಒಂಬತ್ತರ ವಯಸ್ಸು. ಹಂದಿಕೊಬ್ಬಿನ ಖಾಲಿ ಡಬ್ಬ ಎರಡು,
ಕಾಲುವೆಯಿಂದ ಮನೆಗೆ ದಿನಕ್ಕೆ ಆರು ಸಲ.
ತಂತಿಯ ಹಿಡಿ ಬೆರಳು ಕೊಯ್ಯುತ್ತಿತ್ತು.
ದಾರಿಯಲ್ಲಿ ಮೇಸ್ಟ್ರ ಮನೆ, ಅಂಗಳದಲ್ಲೊಂದು ನಲ್ಲಿ.
ಒಮ್ಮೆ ತಿರುಗಿಸಿ ಕೈ ಒಡ್ಡಿದ.
ನೀರು ಅಂಗೈಗೆ ಹೊಡೆಯಿತು, ಬೆತ್ತದ ಹಾಗೆ, ಚುರ್ರೆಂದು.
"ಸ್ವಂತ ಮನೆ ಕಟ್ಟಿದರೆ
ನೀರು ಹಾಗೆ ನೋಯಿಸಬೇಕು ಅಂದುಕೊಂಡಿದ್ದೆ."

ಎರ್ಮೆಲಿಂದಾ ಕಿಟಕಿಯಲ್ಲಿ ಸುಮ್ಮನಾದಳು.
ಇಪ್ಪತ್ತಾರು ವರ್ಷ ಸಂಸಾರ ಮಾಡಿ
ಇದನ್ನು ಪಂಪಿನವಳ ಜೊತೆ ಕೂತು ಕೇಳಬೇಕಾಯಿತು.

ಮರುದಿನ ಅರ್ಧ ಕುದುರೆ ಇಳಿಸಿದೆವು,
ಪೈಪು ಪೈಪಿಗೆ ತಿರುಪಿ, ಬೆಳಿಗ್ಗೆಯಿಂದ ಮೂರರವರೆಗೆ.
ಒಗೆಯುವ ಕೋಣೆಯ ಮೂಲೆಗೆ ನೀಲಿ ಒತ್ತಡದ ಟ್ಯಾಂಕು.
ದೆಲ್ಫೀನೋ ಅಂಗಳದ ನಲ್ಲಿ ತಿರುಗಿಸಿ
ಕೆಳಗೆ ಅಂಗೈ ಇಟ್ಟ.
"ನೋಯ್ತಾ?" ಕೇಳಿದಳು ಕಸಿಲ್ದಾ.
ಇಲ್ಲವೆಂದು ತಲೆಯಾಡಿಸಿದ. ಕೈ ತೆಗೆಯಲಿಲ್ಲ.

ನನ್ನ ಕೈಲಿ ಗಡಿಯಾರ.
ಹದಿನೆಂಟು. ಹತ್ತೊಂಬತ್ತು.
ಇಪ್ಪತ್ತಕ್ಕೆ ಎಲ್ಲರೂ ಕೊಳವೆಯತ್ತ ತಿರುಗಿದರು,
ಆಡೂ ತಿರುಗಿತು, ಅದಕ್ಕೇನು ಗೊತ್ತೋ.
ಇಪ್ಪತ್ತೊಂದು.
ಅದೇ ದಪ್ಪ, ಅದೇ ದನಿ,
ಬೆರಳ ಸಂದಿನಿಂದ ಇಳಿದು ಅವನ ಬೂಟು ತೋಯಿಸುತ್ತಿತ್ತು.

"ನಿಲ್ಲಿಸೋ ಮಾರಾಯ," ಅಂದಳು ಎರ್ಮೆಲಿಂದಾ,
"ಕರೆಂಟಿನ ಬಿಲ್ಲು ನಿಮ್ಮ ಮೇಸ್ಟ್ರು ಕಟ್ಟಲ್ಲ."