ಉಣ್ಣೆಯ ಪರೀಕ್ಷೆ

ಮಲ್ಪೆ ದಕ್ಕೆಯಲ್ಲಿ ಬೆಳಿಗ್ಗೆಯಿಂದ
ಬಿಸ್ಕತ್ತಿನ ಡಬ್ಬ ಸುತ್ತುತ್ತಿತ್ತು.
ಹತ್ತರ ನೋಟುಗಳಿಗೆಲ್ಲ ಬೂತಾಯಿ ವಾಸನೆ;
ಬ್ಯಾಂಕಿನ ಹುಡುಗ ಮೂಗು ಮುಚ್ಚಿಯೇ ಎಣಿಸಿದ.

ಗಡಿಗೆ ಹೋಗುವ ಪೆಟ್ಟಿಗೆಗೆ
ಹಲಸಿನ ಹಪ್ಪಳ, ನೋವಿನೆಣ್ಣೆ,
ನಲವತ್ತು ಜೊತೆ ಉಣ್ಣೆಯ ಕಾಲುಚೀಲ.

"ಅಲ್ಲಿ ಚಳಿ ಎಷ್ಟು?" ಅಪ್ಪಿಯಕ್ಕ ಕೇಳಿದಳು.
"ಸೊನ್ನೆಗಿಂತ ಇಪ್ಪತ್ತು ಕೆಳಗೆ" ಅಂದರು ಮೇಷ್ಟ್ರು.
ಸೊನ್ನೆಯ ಕೆಳಗೆ ಅವಳಿಗೆ ಗೊತ್ತಿದ್ದದ್ದು ಸಾಲ ಮಾತ್ರ.

ಒಂದು ಕಾಲುಚೀಲ ಕೈಗೆ ತೊಟ್ಟು
ಬಂಗುಡೆಯ ಐಸಿನೊಳಗೆ ಹೂತಳು.
ಏಲಂ ಕೂಗುವವನೂ ಸುಮ್ಮನಾದ.
ನೂರು ಎಣಿಸುವ ಮೊದಲೇ ಕೈ ಹೊರಗೆ.

"ಇದಿನ್ನೂ ಸೊನ್ನೆಯೇ ಅಲ್ವಾ ಮೇಷ್ಟ್ರೇ?
ಸಾಲದು. ಎರಡೆರಡು ಜೊತೆ ಹಾಕಿ"
ಎಂದು, ಮರಗಟ್ಟಿದ ಬೆರಳಲ್ಲೇ
ಸೊಂಟದ ಚೀಲದ ಗಂಟಿಗೆ ತಡಕಾಡಿದಳು.

ಐಸು ಹೊಕ್ಕ ಆ ಒಂಟಿ ಕಾಲುಚೀಲ
ದೋಣಿಯ ಹಗ್ಗದಲ್ಲಿ ಇನ್ನೂ ಒಣಗುತ್ತಿದೆ.